ಒಂದು ನಕ್ಷತ್ರದ ಆಲ್ಬಂ

ಪತ್ರಿಕೆಗಳು ಹಾಡಿಗೆ, ಸಿನಿಮಾಕ್ಕೆ ನಕ್ಷತ್ರ ಹಾಕುವ ಪದ್ಧತಿ ನನಗೆ ಮೊದಲಿನಿಂದಲೂ ಹಿಡಿಸಿಲ್ಲ. ಮೂರು ನಕ್ಷತ್ರ, ಮೂರೂವರೆ ನಕ್ಷತ್ರ. ಆ ಅರ್ಧ ನಕ್ಷತ್ರದಲ್ಲಿ ಏನಡಗಿದೆ ಎಂದು ಕೇಳಿದರೆ ಹಾಕಿದವರಿಗೂ ಹೇಳಲು ಬಾರದು. ಆದರೆ ಒಂದೇ ಒಂದು ನಕ್ಷತ್ರ ಕಂಡಾಗ ಮಾತ್ರ ನಾನು ಅಲ್ಲೇ ನಿಲ್ಲುತ್ತೇನೆ. ಎರಡೂವರೆ ನಕ್ಷತ್ರದ ಆಲ್ಬಂ ಯಾರ ತಂಟೆಗೂ ಹೋಗಿರುವುದಿಲ್ಲ. ಒಂದು ನಕ್ಷತ್ರದ್ದು ಯಾರನ್ನೋ ಕೆಣಕಿರುತ್ತದೆ, ಯಾರ ಆಸೆಯನ್ನೋ ಮುರಿದಿರುತ್ತದೆ. ಹಾಗೆ ಮುರಿದದ್ದು ಏನು ಎಂದು ತಿಳಿಯುವ ಆಸೆ ನನಗೆ.

ಇವತ್ತು ಹೇಳಹೊರಟಿರುವುದು ಅಂಥದೇ ಒಂದರ ಬಗ್ಗೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಲೈಯರ್ಸ್ ಎಂಬ ಬ್ಯಾಂಡಿನ ಎರಡನೆಯ ಆಲ್ಬಂ, 'ದೇ ವರ್ ರಾಂಗ್, ಸೋ ವಿ ಡ್ರೌನ್ಡ್'. ತಪ್ಪು ಅವರದು, ಮುಳುಗಿದವರು ನಾವು ಅಂತ ಇಟ್ಟುಕೊಳ್ಳಿ. 2004ರ ಫೆಬ್ರವರಿಯಲ್ಲಿ ಮ್ಯೂಟ್ ಕಂಪನಿ ಅದನ್ನು ಹೊರತಂದಿತು. ಅಮೆರಿಕದ ಎರಡು ದೊಡ್ಡ ಸಂಗೀತ ಪತ್ರಿಕೆಗಳು, ರೋಲಿಂಗ್ ಸ್ಟೋನ್ ಮತ್ತು ಸ್ಪಿನ್, ಎರಡೂ ತಮ್ಮ ಅಳತೆಗೋಲಿನ ತೀರಾ ಕೆಳಗಿನ ಗೆರೆಗೆ ಅದನ್ನು ಇಳಿಸಿದವು. ಇನ್ನೊಂದು ಕಡೆ, ಇಷ್ಟು ಧೈರ್ಯದ ರಾಕ್ ಆಲ್ಬಂ ಕೇಳಿ ಎಷ್ಟು ದಿನವಾಯಿತು ಎಂದು ಅದನ್ನು ಎದೆಗಪ್ಪಿಕೊಂಡವರೂ ಇದ್ದರು. ಒಂದೇ ಡಿಸ್ಕು, ಅವೇ ಹತ್ತು ಹಾಡು. ನಾನು ಎರಡನೆಯ ಗುಂಪಿನವನು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಜಗಳ ಅರ್ಥವಾಗಬೇಕಾದರೆ ಮೊದಲನೆಯ ಆಲ್ಬಂ ಗೊತ್ತಿರಬೇಕು. ಆಂಗಸ್ ಆಂಡ್ರ್ಯೂ ಎಂಬ ಆಸ್ಟ್ರೇಲಿಯಾದ ಎತ್ತರದ ಆಳು ಮತ್ತು ಆರನ್ ಹೆಂಫಿಲ್ ಲಾಸ್ ಏಂಜಲೀಸ್‌ನಲ್ಲಿ ಪರಿಚಯವಾಗಿ ನ್ಯೂಯಾರ್ಕಿಗೆ ಬಂದವರು. ಅಲ್ಲಿ ಬಾಸ್ ಗಿಟಾರಿಗೆ ಪ್ಯಾಟ್ ನೋಕರ್, ಡ್ರಮ್ಸ್‌ಗೆ ರಾನ್ ಆಲ್ಬರ್ಟ್‌ಸನ್ ಜೊತೆಯಾದರು. 2001ರಲ್ಲಿ ಬಂದ ಮೊದಲ ಆಲ್ಬಂನ ಹೆಸರು ಒಂದು ಇಡೀ ವಾಕ್ಯ: 'ದೇ ಥ್ರೂ ಅಸ್ ಆಲ್ ಇನ್ ಎ ಟ್ರೆಂಚ್ ಅಂಡ್ ಸ್ಟಕ್ ಎ ಮಾನ್ಯುಮೆಂಟ್ ಆನ್ ಟಾಪ್'. ಆ ಹೊತ್ತಿಗೆ ಬ್ರೂಕ್ಲಿನ್‌ನಲ್ಲಿ ಪಂಕ್ ಸಂಗೀತದ ಸಿಟ್ಟನ್ನೂ ಕುಣಿತದ ತಾಳವನ್ನೂ ಬೆರೆಸುವ ಗಾಳಿ ಬೀಸುತ್ತಿತ್ತು. ದಿ ರ‍್ಯಾಪ್ಚರ್, ಯೇ ಯೇ ಯೇಸ್, ರೇಡಿಯೋ 4 ಎಲ್ಲ ಆ ಗಾಳಿಯವರೇ. ಲೈಯರ್ಸ್‌ರ ಮೊದಲ ಆಲ್ಬಂನಲ್ಲಿ ಬಾಸ್ ಮುಂದೆ ನಿಂತು ದಾರಿ ತೋರಿಸುತ್ತದೆ, ಡ್ರಮ್ ಕೆಳಗಿನಿಂದ ತಳ್ಳುತ್ತದೆ, ಗಿಟಾರ್ ಮೇಲಿನಿಂದ ಪರಚುತ್ತದೆ. ಕೂತು ಕೇಳುವುದು ಸಾಧ್ಯವೇ ಇಲ್ಲ.

ಆದರೆ ಅದರಲ್ಲೇ ಒಂದು ಸುಳಿವಿತ್ತು. ಕೊನೆಯ ಹಾಡು 'ದಿಸ್ ಡಸ್ಟ್ ಮೇಕ್ಸ್ ದಟ್ ಮಡ್' ಸುಮಾರು 30 ನಿಮಿಷದ್ದು. ಕೆಲವು ನಿಮಿಷ ಹಾಡಾಗಿ ನಡೆದು, ಆಮೇಲೆ ಒಂದೇ ತುಣುಕಿಗೆ ಸಿಕ್ಕಿಕೊಂಡು ಅದನ್ನೇ ತಿರುಗಿಸುತ್ತ ಹೋಗುತ್ತದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅದೇ ತುಣುಕು. ಇಡೀ ಆಲ್ಬಂ ಕುಣಿಸಿದವರು ಕೊನೆಗೆ ನಿಮ್ಮನ್ನು ಒಂದು ಜಾಗದಲ್ಲಿ ನಿಲ್ಲಿಸಿ, ಇಲ್ಲೇ ಎಷ್ಟು ಹೊತ್ತು ಇರಬಲ್ಲಿರಿ ಎಂದು ಕೇಳುತ್ತಾರೆ. ಹೆಚ್ಚಿನವರು ಬಹುಶಃ ಅಲ್ಲಿ ಆಫ್ ಮಾಡಿ, ಮತ್ತೆ ಮೊದಲ ಹಾಡಿಗೆ ಹೋಗಿರುತ್ತಾರೆ. ಎರಡನೆಯ ಆಲ್ಬಂ ಶುರುವಾಗುವುದು ಆ ಆಫ್ ಮಾಡಿದ ಜಾಗದಿಂದ ಎಂದು ನನ್ನ ನಂಬಿಕೆ.

ಎರಡರ ನಡುವೆ ನೋಕರ್ ಮತ್ತು ಆಲ್ಬರ್ಟ್‌ಸನ್ ಬ್ಯಾಂಡ್ ಬಿಟ್ಟರು. ಎಂದರೆ ಕುಣಿಸುತ್ತಿದ್ದ ಎರಡು ಕಾಲುಗಳೇ ಹೋದವು. ಡ್ರಮ್ಸ್‌ಗೆ ಜೂಲಿಯನ್ ಗ್ರಾಸ್ ಬಂದ, ಬಾಸ್‌ನ ಜಾಗವನ್ನು ಹಾಗೇ ಖಾಲಿ ಬಿಟ್ಟರು. ಮೂವರೂ ನಗರ ಬಿಟ್ಟು ನ್ಯೂಜೆರ್ಸಿಯ ಕಾಡಿನ ಕಡೆಗೆ ಹೋಗಿ, ಟಿವಿ ಆನ್ ದಿ ರೇಡಿಯೋ ಬ್ಯಾಂಡಿನ ಡೇವಿಡ್ ಸಿಟೆಕ್‌ನ ಜೊತೆ ಹೊಸ ಆಲ್ಬಂಗೆ ಕೂತರು. ಹಿಡಿದ ವಸ್ತು ಜರ್ಮನಿಯ ಮಾಟಗಾತಿಯರದು. ಅಲ್ಲಿನ ಹಾರ್ಟ್ಸ್ ಬೆಟ್ಟಸಾಲಿನಲ್ಲಿ ಬ್ರೋಕನ್ ಎಂಬ ಶಿಖರವಿದೆ, 1,141 ಮೀಟರ್ ಎತ್ತರ. ಪ್ರತಿ ವರ್ಷ ಏಪ್ರಿಲ್ 30ರ ರಾತ್ರಿ ಮಾಟಗಾತಿಯರು ಪೊರಕೆ ಏರಿ ಅಲ್ಲಿ ಸೇರುತ್ತಾರೆಂದು ಆ ಕಡೆಯ ಜನ ಹೇಳಿಕೊಂಡು ಬಂದಿದ್ದಾರೆ. ಗಯಟೆ ತನ್ನ 'ಫೌಸ್ಟ್'ನಲ್ಲಿ ಆ ರಾತ್ರಿಗೆ ಒಂದು ದೃಶ್ಯವನ್ನೇ ಕೊಟ್ಟಿದ್ದಾನೆ.

ಈ ಬ್ರೋಕನ್ ಬೆಟ್ಟದ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಎರಡನೆಯ ಮಹಾಯುದ್ಧದ ನಂತರ ಅದು ಪೂರ್ವ ಜರ್ಮನಿಯ ಗಡಿಗೆ ಸೇರಿತು. 1961ರಿಂದ ಜನಸಾಮಾನ್ಯರು ಹತ್ತುವಂತಿರಲಿಲ್ಲ. ಸೋವಿಯತ್ ಸೇನೆ ಮತ್ತು ಪೂರ್ವ ಜರ್ಮನಿಯ ಗುಪ್ತಚರರು ಅಲ್ಲಿ ಆಂಟೆನಾ ನೆಟ್ಟು ಪಶ್ಚಿಮದವರ ಮಾತು ಕದ್ದು ಕೇಳುತ್ತಿದ್ದರು. 1989ರ ಡಿಸೆಂಬರಿನಲ್ಲಿ ಜನ ಮೆರವಣಿಗೆಯಲ್ಲಿ ಹತ್ತಿ ಬಾಗಿಲು ತೆಗೆಸಿದರು. ಜನ ಹೆದರುತ್ತಿದ್ದ ಬೆಟ್ಟದ ತುದಿಯಲ್ಲಿ ಸರ್ಕಾರ ಜನರಿಗೆ ಹೆದರಿ ಕಿವಿ ಇಟ್ಟು ಕೂತಿತ್ತು. ಇದನ್ನು ಓದಿದ ಮೇಲೆ ಆಲ್ಬಂ ನನಗೆ ಇನ್ನೂ ಹತ್ತಿರವಾಯಿತು. ಯಾಕೆಂದರೆ ಅದರ ನಿಜವಾದ ವಸ್ತು ಮಾಟವಲ್ಲ, ಭಯ. ಯಾರು ಯಾರಿಗೆ ಹೆದರುತ್ತಾರೆ, ಹೆದರಿದವರು ಏನು ಮಾಡುತ್ತಾರೆ ಎಂಬುದು. ಹಾಡುಗಳು ಒಮ್ಮೆ ಹಳ್ಳಿಯವರ ಬಾಯಿಂದ, ಇನ್ನೊಮ್ಮೆ ಮಾಟಗಾತಿಯರ ಬಾಯಿಂದ ಬರುತ್ತವೆ.

ಆಲ್ಬಂನ ಹೆಸರನ್ನೇ ನೋಡಿ. ಯುರೋಪಿನಲ್ಲಿ ಒಂದು ಕಾಲಕ್ಕೆ ಮಾಟಗಾತಿ ಎಂದು ಆಪಾದನೆ ಹೊತ್ತ ಹೆಂಗಸನ್ನು ಕಟ್ಟಿ ನೀರಿಗೆ ಹಾಕುತ್ತಿದ್ದರು. ತೇಲಿದರೆ ಅಪರಾಧಿ, ಮುಳುಗಿದರೆ ನಿರಪರಾಧಿ. ಇಂಗ್ಲೆಂಡಿನ ದೊರೆಯಾದ ಒಂದನೆಯ ಜೇಮ್ಸ್, ಇನ್ನೂ ಸ್ಕಾಟ್ಲೆಂಡಿನ ದೊರೆಯಾಗಿದ್ದಾಗಲೇ 1597ರಲ್ಲಿ ಪುಸ್ತಕ ಬರೆದು ಈ ಪರೀಕ್ಷೆಯನ್ನು ಎತ್ತಿಹಿಡಿದಿದ್ದ. ಆಪಾದನೆ ಸುಳ್ಳು ಎಂದು ಸಾಬೀತಾಗುವುದು ಮುಳುಗಿದಾಗ ಮಾತ್ರ. ಆ ಆರು ಮಾತಿನ ಹೆಸರಿನಲ್ಲಿ ಇಷ್ಟೂ ಇದೆ. ಇಂಥ ಹೆಸರಿಟ್ಟವರು ಕೇಳುಗರನ್ನು ತಮಾಷೆ ಮಾಡುತ್ತಿದ್ದಾರೆ ಎಂದು ಕೆಲವರು ಬಗೆದದ್ದು ನನಗೆ ಇಂದಿಗೂ ಬೇಸರದ ಸಂಗತಿ.

ಸಂಗೀತ ಹೇಗಿದೆ? ಮೊದಲ ಹಾಡು 'ಬ್ರೋಕನ್ ವಿಚ್' ಆರು ನಿಮಿಷ ದಾಟುತ್ತದೆ. ಡ್ರಮ್ ಬಡಿತ ಕುಣಿಯಲು ಬಿಡದೆ ಎದೆಬಡಿತದ ಹಾಗೆ ಮುಂದುವರಿಯುತ್ತದೆ, ಆಂಡ್ರ್ಯೂ ಹಾಡುವ ಬದಲು ಮಂತ್ರ ಹೇಳಿದಂತೆ ಒಂದೇ ಸ್ವರದಲ್ಲಿ ಹೇಳುತ್ತ ಹೋಗುತ್ತಾನೆ. ಗಿಟಾರನ್ನು ಗಿಟಾರ್ ಎಂದು ಗುರುತಿಸುವುದೇ ಕಷ್ಟ. 'ದೇರ್ಸ್ ಆಲ್ವೇಸ್ ರೂಮ್ ಆನ್ ದಿ ಬ್ರೂಮ್' ಮಾತ್ರ ಹಾಡಿನ ಆಕಾರಕ್ಕೆ ಹತ್ತಿರ, ಅದಕ್ಕೇ ಅದನ್ನು ಸಿಂಗಲ್ ಆಗಿಯೂ ಬಿಟ್ಟರು. 'ದೇ ಡೋಂಟ್ ವಾಂಟ್ ಯುವರ್ ಕಾರ್ನ್, ದೇ ವಾಂಟ್ ಯುವರ್ ಕಿಡ್ಸ್' ಎಂಬುದರ ಹೆಸರೇ ಒಂದು ಕಥೆ: ಅವರಿಗೆ ಬೇಕಿರುವುದು ನಿಮ್ಮ ಜೋಳವಲ್ಲ, ನಿಮ್ಮ ಮಕ್ಕಳು. ಊರಿಗೆ ಊರೇ ಹುಚ್ಚೇಳಲು ಇಂಥ ಒಂದು ಸುದ್ದಿ ಸಾಕು.

ಬೈದವರದು ಪೂರ್ತಿ ತಪ್ಪು ಎಂದು ನಾನು ಹೇಳುವುದಿಲ್ಲ. ನಡುವಿನ ಒಂದೆರಡು ಹಾಡುಗಳು ನಿಜವಾಗಿಯೂ ಅರ್ಧಕ್ಕೇ ನಿಂತಂತಿವೆ. ಸದ್ದಿನ ಒಂದು ಉಪಾಯ ಹೊಳೆದಿದೆ, ಅದು ಎಲ್ಲಿಗೂ ಹೋಗಿಲ್ಲ. ಮಾತುಗಳು ಕೆಲವು ಕಡೆ ಮಾಟಮಂತ್ರದ ಸಾಮಾನುಗಳ ಪಟ್ಟಿಯಾಗಿಬಿಡುತ್ತವೆ. ಮೊದಲ ಆಲ್ಬಂನಲ್ಲಿ ಆ ಬಾಸ್ ಕೇಳಿ ಮರುಳಾದವನಿಗೆ ಇಲ್ಲಿ ಆಗುವ ನಷ್ಟ ನಿಜವಾದ ನಷ್ಟ, ಅದನ್ನು ಯಾವ ವಾದದಿಂದಲೂ ತುಂಬಿಕೊಡಲಾಗುವುದಿಲ್ಲ. ಆದರೆ ನಷ್ಟವಾಯಿತು ಎನ್ನುವುದು ಒಂದು ಮಾತು, ಇದು ಸಂಗೀತವೇ ಅಲ್ಲ ಎನ್ನುವುದು ಬೇರೆ ಮಾತು. ನಕ್ಷತ್ರ ಎಣಿಸಿದವರು ಕೇಳುತ್ತಿದ್ದದ್ದು ಹೊಸ ಆಲ್ಬಂ ಅಲ್ಲ, ಅದರಲ್ಲಿ ಇಲ್ಲದ ಹಳೆಯ ಆಲ್ಬಂ.

ನಾವು ಈ ವಿಷಯದಲ್ಲಿ ಪುಣ್ಯವಂತರು ಎಂದು ನನಗೆ ಅನ್ನಿಸುತ್ತದೆ. ಭಯಾನಕ, ಬೀಭತ್ಸ ಎರಡನ್ನೂ ಶೃಂಗಾರದ ಪಂಕ್ತಿಯಲ್ಲೇ ಕೂರಿಸಿ ರಸವೆಂದು ಕರೆದ ನಾಟ್ಯಶಾಸ್ತ್ರ ನಮ್ಮ ಬೆನ್ನಿಗಿದೆ. ಪುಸ್ತಕದ ಮಾತು ಬಿಡಿ, ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷ ಬರುವ ಹೊತ್ತನ್ನು ನೆನೆಸಿಕೊಳ್ಳಿ. ನಡುರಾತ್ರಿ ದಾಟಿದೆ, ಮಕ್ಕಳು ಚಾಪೆಯ ಮೇಲೆ ಮುದುರಿ ಮಲಗಿವೆ. ಇದ್ದಕ್ಕಿದ್ದಂತೆ ಚೆಂಡೆ ಬೇರೆಯೇ ದನಿಯಲ್ಲಿ ಗುಡುಗುತ್ತದೆ, ದೊಂದಿಗೆ ರಾಳದ ಪುಡಿ ಎರಚಿ ಬೆಂಕಿ ಭುಗಿಲೆಬ್ಬಿಸುತ್ತಾರೆ, ಮುಖದ ತುಂಬ ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟ ರಾಕ್ಷಸ ಅಟ್ಟಹಾಸ ಮಾಡುತ್ತ ಬರುತ್ತಾನೆ. ಆ ಹೊತ್ತಿನ ಚೆಂಡೆಯಲ್ಲಿ ಮಾಧುರ್ಯವೆಲ್ಲಿ ಎಂದು ಯಾರೂ ಕೇಳುವುದಿಲ್ಲ. ಮಾಧುರ್ಯಕ್ಕೆ ಭಾಗವತರಿದ್ದಾರೆ, ಅದರ ಹೊತ್ತು ಬೇರೆ. ಹೆದರಿಸುವುದು ಈ ಹೊತ್ತಿನ ಕೆಲಸ, ಹೆದರಿದ ಮಗುವೇ ಮುಂದಿನ ಮೇಳದಾಟಕ್ಕೂ ಹಟಮಾಡಿ ಹೊರಡುತ್ತದೆ. 'ಬ್ರೋಕನ್ ವಿಚ್' ಕೇಳುವಾಗ ನನ್ನ ಮೈಗೆ ಗೊತ್ತಾಗುವುದು ಇದೇ. ರಾಕ್ ಸಂಗೀತಕ್ಕೆ ಸಿಟ್ಟು ಗೊತ್ತು, ಪ್ರೇಮ ಗೊತ್ತು, ದುಃಖ ಗೊತ್ತು. ಭಯವನ್ನು ಭಯವಾಗಿಯೇ ಒಂದು ಇಡೀ ಆಲ್ಬಂ ಉದ್ದಕ್ಕೆ ಹಿಡಿದಿಟ್ಟದ್ದು ಕಡಿಮೆ.

ಒಮ್ಮೆ ಅಕ್ಕನ ಮಗಳು ಪಕ್ಕದಲ್ಲಿ ಕೂತು ಇದನ್ನು ಪೂರ್ತಿ ಕೇಳಿದಳು. "ಮಾಮ, ಕುಂಯ್ ಅನ್ನೋ ಸದ್ದು ಬಂದ್ರೆ ನಮ್ಮ ಕಾಲೇಜಲ್ಲಿ ಮೈಕ್‌ನೋರು ಓಡಿಬಂದು ಸರಿಮಾಡ್ತಾರೆ, ಇವರು ಬೇಕೂಂತ ಮಾಡ್ತಾರಲ್ಲ?" ಎಂದಳು. ಒಳ್ಳೆಯ ಪ್ರಶ್ನೆ. ಮೈಕು ಸ್ಪೀಕರಿನ ಮುಂದೆ ಬಂದರೆ, ಸ್ಪೀಕರಿನ ಸದ್ದು ಮೈಕಿಗೆ ಹೊಕ್ಕು, ಹೆಚ್ಚಾಗಿ ಮತ್ತೆ ಸ್ಪೀಕರಿಗೆ ಬಂದು, ಹೀಗೆ ಸುತ್ತುತ್ತ ಕಿರುಚಾಟವಾಗುತ್ತದೆ. ಇದಕ್ಕೇ ಫೀಡ್‌ಬ್ಯಾಕ್ ಎನ್ನುವುದು. ಎಲೆಕ್ಟ್ರಿಕ್ ಗಿಟಾರಿನಲ್ಲೂ ಹಾಗೆಯೇ. ಆಂಪ್ಲಿಫೈಯರಿನ ಸದ್ದು ತಂತಿಯನ್ನು ನಡುಗಿಸುತ್ತದೆ, ಆ ನಡುಕವನ್ನು ಗಿಟಾರಿನ ಪಿಕಪ್ ಹಿಡಿದು ಮತ್ತೆ ಆಂಪ್ಲಿಫೈಯರಿಗೆ ಕಳಿಸುತ್ತದೆ. ಬೆರಳು ಮುಟ್ಟದೆಯೇ ತಂತಿ ತಾನಾಗಿ ಹಾಡುತ್ತದೆ. ವಾದಕ ಆಂಪ್ಲಿಫೈಯರಿಗೆ ಎಷ್ಟು ಹತ್ತಿರ, ಯಾವ ಕೋನದಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ಸ್ವರ ಬದಲಾಗುತ್ತದೆ. ಅದನ್ನು ಬೇಕಾದ ಕಡೆ ತಂದು ನಿಲ್ಲಿಸಲು ಸಾಧನೆ ಬೇಕು.

ಬೇಕೆಂದೇ ಸೇರಿಸುವ ಸದ್ದು ನಮಗೆ ಹೊಸದೂ ಅಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಸಣ್ಣ ನೂಲೆಳೆ ಇಡುತ್ತಾರೆ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ತಂತಿ ಕುದುರೆಯ ಅಗಲವಾದ ಮೈಯನ್ನು ಸವರಿಕೊಂಡು ಝೇಂಕರಿಸುತ್ತದೆ. ಆ ಝೇಂಕಾರಕ್ಕೆ ಜವಾರಿ ಎನ್ನುತ್ತಾರೆ. ನೂಲು ತೆಗೆದರೆ ಸ್ವರ ಶುದ್ಧ, ಆದರೆ ತಂಬೂರಿ ಸತ್ತಿರುತ್ತದೆ. ಗಾಯಕರು ಕಛೇರಿಗೆ ಮುಂಚೆ ಕಾಲು ಗಂಟೆ ಕೂತು ಸರಿಮಾಡುವುದು ಈ ಸದ್ದನ್ನೇ.

ಈ ತಂಬೂರಿಗೂ ಆ ಗಿಟಾರಿಗೂ ನಡುವೆ ನಿಜವಾದ ಒಂದು ಹಾದಿಯಿದೆ. ಲಾ ಮಾಂಟ್ ಯಂಗ್ ಎಂಬ ಅಮೆರಿಕದ ಸಂಯೋಜಕ 1950ರ ದಶಕದಲ್ಲಿ ಅಲಿ ಅಕ್ಬರ್ ಖಾನರ ಧ್ವನಿಮುದ್ರಿಕೆ ಕೇಳಿ, ಹಿಂದೆ ಮಿಡಿಯುತ್ತಿದ್ದ ತಂಬೂರಿಗೆ ಮನಸೋತ. 1960ರ ದಶಕದ ಮೊದಲ ಭಾಗದಲ್ಲಿ ನ್ಯೂಯಾರ್ಕಿನಲ್ಲಿ ಅವನು ಕಟ್ಟಿದ ಗುಂಪು ಒಂದೇ ಸ್ವರವನ್ನು ಗಂಟೆಗಟ್ಟಲೆ ಹಿಡಿದಿಡುತ್ತಿತ್ತು. ಅದರಲ್ಲಿ ವಯೋಲಾ ನುಡಿಸುತ್ತಿದ್ದ ವೇಲ್ಸ್‌ನ ಜಾನ್ ಕೇಲ್ ಅಲ್ಲಿಂದ ಬಂದು ಲೂ ರೀಡ್ ಜೊತೆ ವೆಲ್ವೆಟ್ ಅಂಡರ್‌ಗ್ರೌಂಡ್ ಕಟ್ಟಿದ. ನಾಯ್ಸ್ ರಾಕ್ ಎಂದು ಇಂದು ಕರೆಯುವುದರ ಬೇರು ಅಲ್ಲಿದೆ. ಯಂಗ್ ಮುಂದೆ, 1970ರಲ್ಲಿ, ಪಂಡಿತ್ ಪ್ರಾಣನಾಥರ ಶಿಷ್ಯನಾದ. ಪ್ರಾಣನಾಥರು ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನರ ಶಿಷ್ಯರು. ಆ ಘರಾಣೆಯ ಇನ್ನೊಂದು ಕವಲು ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ಲರಿಗೆ, ಭೀಮಸೇನ ಜೋಶಿಯವರಿಗೆ ಹರಿದುಬಂತು. ಒಂದೊಂದೇ ಸ್ವರದ ಮೇಲೆ ನಿಂತು ಅದರ ಆಳ ನೋಡುವ ಆ ಮನೆತನದ ಗುಣ ಧಾರವಾಡದ ಕಡೆಯವರಿಗೆ ಬೇರೆ ಹೇಳಿಕೊಡಬೇಕಾಗಿಲ್ಲ.

ವೆಲ್ವೆಟ್ ಅಂಡರ್‌ಗ್ರೌಂಡ್‌ನ ಎರಡನೆಯ ಆಲ್ಬಂ 'ವೈಟ್ ಲೈಟ್/ವೈಟ್ ಹೀಟ್' 1968ರ ಜನವರಿಯಲ್ಲಿ ಬಂತು. ಅದರ ಕೊನೆಯ ಹಾಡು 'ಸಿಸ್ಟರ್ ರೇ' 17 ನಿಮಿಷ ದಾಟುತ್ತದೆ. ಒಂದೇ ಸಲಕ್ಕೆ ನುಡಿಸಿ ಮುಗಿಸಿದ್ದು. ಒಬ್ಬೊಬ್ಬರೂ ಇನ್ನೊಬ್ಬರಿಗಿಂತ ಜೋರಾಗಿ ನುಡಿಸುತ್ತ ಹೋಗುತ್ತಾರೆ. ಅದನ್ನು ಕೇಳುತ್ತ ಕೂರಲಾರೆ ಎಂದು ಸ್ಟುಡಿಯೋದ ಇಂಜಿನಿಯರ್ ಎದ್ದುಹೋದ ಎಂದು ಲೂ ರೀಡ್ ಹೇಳಿಕೊಂಡಿದ್ದಾನೆ. ಬಿಲ್ಬೋರ್ಡ್‌ನ 200ರ ಪಟ್ಟಿಯಲ್ಲಿ 199ನೆಯ ಸ್ಥಾನ ಮುಟ್ಟಿ ಅದು ಜಾರಿಹೋಯಿತು. ಬೈಯುವುದಕ್ಕೂ ಹೆಚ್ಚು ಜನರಿರಲಿಲ್ಲ. ಲೈಯರ್ಸ್‌ಗೆ ಸಿಕ್ಕ ಒಂದು ನಕ್ಷತ್ರದ ಬೈಗುಳ ಆ ಮೌನಕ್ಕಿಂತ ಎಷ್ಟೋ ಮೇಲು. ಬೈದವರು ಕೊನೆಯವರೆಗೂ ಕೇಳಿ ಬೈದಿದ್ದರು.

ಗಂಗೂಬಾಯಿಯವರ ಹೆಸರು ಬಂತು. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ 'ಗಾಂಧಾರಿ' ಎಂಬ ಹೆಸರಿನಲ್ಲಿ ಹೊರತಂದ ಅವರ ತಟ್ಟೆಗಳಲ್ಲಿ ತೆಳುವಾದ, ಏರುದನಿಯ ಕಂಠವಿದೆ. ಮುಂದೆ ಗಂಟಲಿನ ಚಿಕಿತ್ಸೆಯ ನಂತರ ದನಿ ಇಳಿದು ಗಡುಸಾಯಿತು, ಗಂಡುದನಿಯೋ ಎಂಬಂತಾಯಿತು. ಅವರು ಹಳೆಯ ಕಂಠವನ್ನು ಅನುಕರಿಸಲು ಹೋಗಲಿಲ್ಲ. ಬಂದ ದನಿಯನ್ನೇ ಹಿಡಿದು ಅದರಲ್ಲೇ ಶುದ್ಧ ಕಲ್ಯಾಣಕ್ಕೆ ಎಷ್ಟು ಭಾರ ತುಂಬಬಹುದು ಎಂದು ತೋರಿಸಿದರು. ಎರಡೂ ಮುದ್ರಿಕೆಗಳನ್ನು ಒಂದೇ ಸಂಜೆ ಕೇಳಿದರೆ ಗೊತ್ತಾಗುತ್ತದೆ, ಬದಲಾಗಬೇಕಾದ್ದು ನಮ್ಮ ಕಿವಿ. ಅವರದು ದೇಹ ತಂದಿಟ್ಟ ಬದಲಾವಣೆ, ಲೈಯರ್ಸ್‌ರದು ತಾವಾಗಿ ಆರಿಸಿಕೊಂಡದ್ದು. ಆ ವ್ಯತ್ಯಾಸ ದೊಡ್ಡದೇ. ಕೇಳುವವನ ಮುಂದಿರುವ ಕೆಲಸ ಮಾತ್ರ ಒಂದೇ.

ಇದಕ್ಕೆ ತಿರುವುಮುರುವಾದ ಕಥೆಯೂ ಇದೆ. ಸ್ಕಾಟ್ಲೆಂಡಿನ ಈಸ್ಟ್ ಕಿಲ್‌ಬ್ರೈಡ್‌ನ ರೀಡ್ ಸಹೋದರರ ಜೀಸಸ್ ಅಂಡ್ ಮೇರಿ ಚೈನ್ ಬ್ಯಾಂಡು 1985ರಲ್ಲಿ 'ಸೈಕೋಕ್ಯಾಂಡಿ' ತಂದಿತು. ಮುದ್ದಾದ ರಾಗಗಳ ಮೇಲೆ ಫೀಡ್‌ಬ್ಯಾಕಿನ ಬಿರುಗಾಳಿ. ಜನರಿಗೆ ಬೆನ್ನುಹಾಕಿ ಇಪ್ಪತ್ತೇ ನಿಮಿಷ ನುಡಿಸಿ ಇಳಿದುಹೋಗುತ್ತಿದ್ದರು, ಲಂಡನ್ನಿನಲ್ಲಿ ಗಲಭೆಯೇ ಆಯಿತು. 1987ರ ಎರಡನೆಯ ಆಲ್ಬಂ 'ಡಾರ್ಕ್‌ಲ್ಯಾಂಡ್ಸ್'ನಲ್ಲಿ ಬಿರುಗಾಳಿಯನ್ನು ನಿಲ್ಲಿಸಿಬಿಟ್ಟರು. ರಾಗ ಉಳಿಯಿತು, ಡ್ರಮ್ಸ್‌ಗೆ ಯಂತ್ರ ಬಂತು. ಬ್ರಿಟನ್ನಿನ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೆ ಏರಿತು. ಗದ್ದಲ ಹಾಕಿದರೂ ದೂರು, ತೆಗೆದರೂ ದೂರು. ನನಗೆ 'ಡಾರ್ಕ್‌ಲ್ಯಾಂಡ್ಸ್' ಇಷ್ಟ, ಆದರೆ ಅದಕ್ಕಾಗಿ ಹೊಡೆದಾಡುವಷ್ಟಲ್ಲ. ಅಲ್ಲಿ ಬ್ಯಾಂಡು ತನ್ನ ಒಳಗಿದ್ದ ಸಿಹಿಯನ್ನು ಬಿಚ್ಚಿತೋರಿಸಿತು ಅಷ್ಟೆ. ಲೈಯರ್ಸ್ ತಮಗೆ ಇನ್ನೂ ಗೊತ್ತಿಲ್ಲದ ಕಡೆಗೆ ಹೊರಟರು, ಕೇಳುಗರೂ ಬರುತ್ತಾರೆ ಎಂದು ನಂಬಿ ಹೊರಟರು. ಕೇಳುಗರ ಮೇಲೆ ಇಟ್ಟ ಆ ನಂಬಿಕೆಯೇ ನನ್ನನ್ನು ಗೆದ್ದದ್ದು. ಕುಣಿಸುತ್ತಲೇ ಇರಬಹುದಿತ್ತು, ಮಾರುಕಟ್ಟೆ ತೆರೆದಿತ್ತು.

ಆಮೇಲೆ ಏನಾಯಿತು ಎಂದರೆ, ಅವರು ಬರ್ಲಿನ್ನಿಗೆ ಹೋದರು. ಹಳೆಯ ಪೂರ್ವ ಜರ್ಮನಿಯ ಆಕಾಶವಾಣಿ ಕಟ್ಟಡದ ಸ್ಟುಡಿಯೋದಲ್ಲಿ ಮೂರನೆಯ ಆಲ್ಬಂ 'ಡ್ರಮ್ಸ್ ನಾಟ್ ಡೆಡ್' ಧ್ವನಿಮುದ್ರಿಸಿದರು. ಬೆಟ್ಟದ ಮೇಲೆ ಕಿವಿಯಿಟ್ಟು ಕೂತಿದ್ದ ಸರ್ಕಾರವೇ ತನ್ನ ಮಾತು ಬಿತ್ತರಿಸಲು ಕಟ್ಟಿಸಿದ್ದ ಕಟ್ಟಡ ಅದು. 2006ರಲ್ಲಿ ಆಲ್ಬಂ ಬಂದಾಗ ಹೊಗಳಿಕೆ ಸುರಿಯಿತು. ಧೈರ್ಯ ಮತ್ತು ಸಂದೇಹ ಎರಡನ್ನೂ ಪಾತ್ರಗಳನ್ನಾಗಿ ಮಾಡಿದ, ಡ್ರಮ್ಮಿನ ಮೇಲೆಯೇ ನಿಂತ ಆ ಆಲ್ಬಂ ಅದಕ್ಕೆ ಯೋಗ್ಯವೂ ಹೌದು. ಆದರೆ ಅದರ ಒಂದೊಂದು ಉಪಾಯವೂ, ಗಿಟಾರನ್ನು ಹಿಂದಕ್ಕೆ ತಳ್ಳುವುದು, ಮಾತನ್ನು ಮಂತ್ರವಾಗಿಸುವುದು, ಬಡಿತವನ್ನು ಕುಣಿತದಿಂದ ಬಿಡಿಸುವುದು, ಎಲ್ಲವೂ ಒಂದು ನಕ್ಷತ್ರದ ಆಲ್ಬಂನಲ್ಲಿ ಮೊದಲು ಕಲಿತದ್ದು.

ಹೊಸಬರಿಗೆ ಲೈಯರ್ಸ್‌ರನ್ನು ಪರಿಚಯಿಸುವವರು ಸಾಮಾನ್ಯವಾಗಿ ಮೂರನೆಯದರಿಂದ ಶುರುಮಾಡಿ, ಇಷ್ಟವಾದರೆ ಮಾತ್ರ ಎರಡನೆಯದಕ್ಕೆ ಹೋಗಿ ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ನೇರವಾಗಿ ಎರಡನೆಯದಕ್ಕೇ ಹೋಗಿ. ಮೊದಲನೆಯದನ್ನು ಕೇಳದೆ ಹೋದರೆ ಇನ್ನೂ ಒಳ್ಳೆಯದು, ಕಳೆದುಕೊಂಡದ್ದು ಏನೂ ಇಲ್ಲದ ಕಿವಿ ಅದಕ್ಕೆ ಬೇಕು. ರಾತ್ರಿ ಕೇಳಿ, ಇಯರ್‌ಫೋನ್ ಬೇಡ, ಕೋಣೆಯ ಗಾಳಿಯಲ್ಲಿ ಆ ಸದ್ದು ಹರಡಬೇಕು. 'ಬ್ರೋಕನ್ ವಿಚ್' ಹಿಡಿಸದಿದ್ದರೆ ನಿಲ್ಲಿಸದೆ ಪೊರಕೆಯ ಹಾಡಿನವರೆಗಾದರೂ ಬನ್ನಿ. ಅಲ್ಲಿಗೂ ಬೇಡವೆನಿಸಿದರೆ ನನ್ನ ಹತ್ತಿರ ಬಂದು ಧಾರಾಳವಾಗಿ ಜಗಳ ಆಡಿ, ಈ ಆಲ್ಬಂಗಾಗಿ ಹೊಡೆದಾಡಲು ನಾನು ಯಾವಾಗಲೂ ತಯಾರು.